ನಾಳೆ ಮಾಡಿಸೋಣ

ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿ, ನೀಲಿ ಬಣ್ಣದ ಪ್ಲಾಸ್ಟಿಕ್ ಫೈಲೊಂದು ಏಳು ವರ್ಷ ಮಲಗಿತ್ತು. ಅದರೊಳಗೆ ಅಪ್ಪನ ಮರಣ ಪ್ರಮಾಣಪತ್ರದ ಮೂರು ಪ್ರತಿ, ಊರಿನ ತೋಟದ ಹಳೇ ಪಹಣಿ, ಮನೆಯವರೆಲ್ಲರ ಆಧಾರ್ ಜೆರಾಕ್ಸು. ಅವುಗಳ ಜೊತೆಗೆ ನನ್ನದೇ ಕೈಬರಹದ ಒಂದು ಹಾಳೆ. ಮೇಲೆ ‘ಮಾಡಬೇಕಾದ್ದು’ ಎಂದು ಬರೆದು ಎರಡೆರಡು ಸಲ ಅಡಿಗೆರೆ ಎಳೆದಿದ್ದೆ. ಅಡಿಗೆರೆಯ ಕೆಳಗೆ ಏನೂ ಇರಲಿಲ್ಲ.

ಮಾಡಬೇಕಾದ್ದು ಒಂದೇ: ಪೌತಿ ಖಾತೆ. ಪಟ್ಟಣದಲ್ಲೇ ಹುಟ್ಟಿ ಬೆಳೆದವರಿಗಾಗಿ ಒಂದು ಮಾತು. ಜಮೀನಿನ ಖಾತೆದಾರರು ತೀರಿಕೊಂಡರೆ ಪಹಣಿಯಲ್ಲಿ ಅವರ ಹೆಸರು ತೆಗೆಸಿ ವಾರಸುದಾರರ ಹೆಸರು ಏರಿಸಬೇಕು. ಅದಕ್ಕೆ ಕಂದಾಯದವರ ಭಾಷೆಯಲ್ಲಿ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡುವುದು. ಗ್ರಾಮ ಲೆಕ್ಕಿಗರು (ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ) ವಿಚಾರಣೆ ಮಾಡುತ್ತಾರೆ, ತಕರಾರಿದ್ದವರು ಹೇಳಿ ಎಂದು ನೋಟಿಸ್ ಆಗುತ್ತದೆ, ಗಡುವು ಕಳೆದ ಮೇಲೆ ಮ್ಯುಟೇಶನ್. ನಮ್ಮದು ತಿಪಟೂರಿನ ಕಡೆ ಎರಡೂವರೆ ಎಕರೆ ತೆಂಗಿನ ತೋಟ. ಒಡಹುಟ್ಟಿದವರ ಜಗಳವಿಲ್ಲ, ಕೋರ್ಟು ಕೇಸಿಲ್ಲ, ಸಾಲವಿಲ್ಲ. ಇದಕ್ಕಿಂತ ಸಲೀಸಾದ ಪೌತಿ ಖಾತೆ ಇಡೀ ಹೋಬಳಿಯಲ್ಲಿ ಇರಲಾರದು.

ಆದರೂ ಏಳು ವರ್ಷ. ಯುಗಾದಿಗೆ ಊರಿಗೆ ಹೋದರೆ ಕಚೇರಿಗೂ ರಜೆ. ಬೇಸಿಗೆಯಲ್ಲಿ ಹೋದರೆ ಸಿಬ್ಬಂದಿಯೆಲ್ಲ ಚುನಾವಣೆ ಕೆಲಸಕ್ಕೆ. ಗೌರಿ ಹಬ್ಬಕ್ಕೆ ಹೋದಾಗ ‘ಸರ್ವರ್ ಡೌನ್ ಅಂತೆ’ ಎಂದು ಯಾರೋ ಹೇಳಿದರು. ಹೇಳಿದವರಿಗೆ ಅದು ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಅಷ್ಟು ಹಿತವಾಗಿತ್ತು ಆ ಸುದ್ದಿ. ಇವು ಸಾಲದಿದ್ದರೆ ಪಂಚಾಂಗ ಇದ್ದೇ ಇದೆಯಲ್ಲ: ಆಷಾಢ, ಅಮಾವಾಸ್ಯೆ, ಪಿತೃಪಕ್ಷ, ದಿನಕ್ಕೆ ಒಂದೂವರೆ ಗಂಟೆ ರಾಹುಕಾಲ. ಕೆಲಸ ಶುರು ಮಾಡಲು ಒಳ್ಳೆಯ ಗಳಿಗೆ ಹುಡುಕಿಕೊಡಲೆಂದು ಹುಟ್ಟಿದ ಶಾಸ್ತ್ರವನ್ನು ಶುರು ಮಾಡದಿರಲು ಇಷ್ಟು ಚೆನ್ನಾಗಿ ಬಳಸಿಕೊಂಡ ಜನ ನಾವು.

ಅಮ್ಮ ಮೊದಮೊದಲು ಕೇಳುತ್ತಿದ್ದರು. “ಈ ಸಲನಾದ್ರೂ ಖಾತೆ ಮಾಡಿಸ್ತೀಯೇನಪ್ಪ?”

“ನಾಳೆ ಮಾಡಿಸೋಣಮ್ಮ.”

ಆಮೇಲೆ ಕೇಳುವುದನ್ನು ಬಿಟ್ಟರು. ನಾನು ಅದನ್ನೂ ಹಿತವಾದ ಸುದ್ದಿ ಎಂದೇ ತೆಗೆದುಕೊಂಡೆ.

ಕೆಲಸ ಸಣ್ಣದಾದರೂ ಆಗದೆ ಉಳಿದರೆ ನಷ್ಟ ಸಣ್ಣದಲ್ಲ. ಪಹಣಿ ತೀರಿಕೊಂಡವರ ಹೆಸರಲ್ಲಿದ್ದರೆ ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟುವುದಿಲ್ಲ, ಬರ ಪರಿಹಾರದ ದುಡ್ಡಿಗೆ ತೊಡಕು, ಮಾರುವುದಿರಲಿ ಭಾಗ ಮಾಡಿಕೊಳ್ಳುವುದಿರಲಿ ಮೊದಲು ಇದೇ ಆಗಬೇಕು. ನಮ್ಮೂರಲ್ಲಿ ಮುತ್ತಾತನ ಹೆಸರಲ್ಲೇ ನಿಂತುಹೋದ ಪಹಣಿಗಳಿವೆ. ಮುತ್ತಾತನ ಮಕ್ಕಳ ಕಾಲದಲ್ಲಿ ನಾಲ್ಕು ಸಹಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂವತ್ತು ಚಿಲ್ಲರೆ ಜನ ಒಪ್ಪಬೇಕು. ಅವರಲ್ಲಿ ಒಬ್ಬರು ಮಸ್ಕತ್‌ನಲ್ಲಿ, ಇಬ್ಬರು ಪರಸ್ಪರ ಮಾತು ಬಿಟ್ಟವರು, ಒಬ್ಬರು ಎಲ್ಲಿದ್ದಾರೋ ಯಾರಿಗೂ ತಿಳಿಯದು. ಇಲ್ಲಿ ಬಡ್ಡಿ ಬೆಳೆಯುವುದು ವಾರಸುದಾರರ ಲೆಕ್ಕದಲ್ಲಿ. ಪೌತಿ ಖಾತೆ ಆಂದೋಲನ ಎಂದು ಸರ್ಕಾರವೇ ಆಗಾಗ ಹಳ್ಳಿ ಹಳ್ಳಿಗೆ ಬರಬೇಕಾಗಿದೆ ಎಂದಮೇಲೆ ಈ ಕಾಯಿಲೆ ನನ್ನೊಬ್ಬನದಲ್ಲ ಎಂದಾಯಿತು.

ಸೋಮಾರಿತನ ಎಂದುಬಿಡಬಹುದು. ನಾನೂ ಹಾಗೇ ಎಂದುಕೊಂಡಿದ್ದೆ. ಆದರೆ ಇದೇ ಏಳು ವರ್ಷದಲ್ಲಿ ನಾನು ಎರಡು ಸಲ ಮನೆ ಬದಲಿಸಿದ್ದೇನೆ, ಗೆಳೆಯನ ಮಗಳ ಪಾಸ್‌ಪೋರ್ಟ್‌ಗಾಗಿ ಮೂರು ಕಚೇರಿ ಸುತ್ತಿದ್ದೇನೆ, ಪಕ್ಕದ ಮನೆಯ ಹಿರಿಯರಿಗೆ ಗ್ಯಾಸ್ ಸಂಪರ್ಕ ಬದಲಾಯಿಸಿಕೊಟ್ಟಿದ್ದೇನೆ. ನೀಲಿ ಫೈಲಿನ ನೆನಪು ಚುಚ್ಚಿದ ದಿನ ಮನೆ ಲಕಲಕ ಹೊಳೆಯುತ್ತಿತ್ತು. ಫ್ಯಾನಿನ ರೆಕ್ಕೆಯನ್ನೂ ಬಿಡದೆ ಒರೆಸುತ್ತಿದ್ದೆ. ಸ್ಟ್ಯಾನ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಜಾನ್ ಪೆರಿ 1995ರಲ್ಲಿ ಇದರ ಮೇಲೇ ಒಂದು ತಮಾಷೆಯ ಪ್ರಬಂಧ ಬರೆದರು. ಮುಂದೂಡುವವನು ಸುಮ್ಮನೆ ಕೂರುವುದಿಲ್ಲ, ಮಾಡಲೇಬೇಕಾದ ಒಂದನ್ನು ತಪ್ಪಿಸಿಕೊಳ್ಳಲು ಉಳಿದ ಹತ್ತನ್ನು ಹುರುಪಿನಿಂದ ಮಾಡುತ್ತಾನೆ. ಪಟ್ಟಿಯ ತುದಿಯಲ್ಲಿ ಭಾರೀ ಕೆಲಸವೊಂದನ್ನು ನೇತುಹಾಕಿಕೊಂಡರೆ ಮಿಕ್ಕಿದ್ದೆಲ್ಲ ಆಗಿಹೋಗುತ್ತದೆ ಎಂಬುದು ಅವರ ವಾದ. ನಗಿಸಿ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ 2011ರಲ್ಲಿ ಇದಕ್ಕೆ ಸಂದಿತು. ನನ್ನ ಪಟ್ಟಿಯ ತುದಿಯಲ್ಲಿ ಅಪ್ಪನ ಖಾತೆ ನೇತಾಡುತ್ತಿತ್ತು, ಅಷ್ಟೇ ವ್ಯತ್ಯಾಸ.

ನಿಜವಾದ ನೊಬೆಲ್ ಪಡೆದವರ ಕತೆ ಇನ್ನೂ ಸ್ವಾರಸ್ಯ, ಮತ್ತು ಅದು ನಡೆದದ್ದು ನಮ್ಮ ದೇಶದಲ್ಲೇ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ತರುಣ ಅರ್ಥಶಾಸ್ತ್ರಜ್ಞ 1967–68ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಒಂದು ವರ್ಷದ ಮಟ್ಟಿಗೆ ಬಂದಿದ್ದರು. ನೋಡಿಹೋಗಲು ಬಂದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಸ್ ವಾಪಸ್ ಹೊರಡುವಾಗ ವಿಮಾನದಲ್ಲಿ ಒಯ್ಯುವ ಸಾಮಾನಿನ ತೊಡಕಾಗಿ ಬಟ್ಟೆಯ ಪೆಟ್ಟಿಗೆಯೊಂದನ್ನು ಬಿಟ್ಟುಹೋದರು. ಅದನ್ನು ಅಮೆರಿಕಕ್ಕೆ ಪಾರ್ಸೆಲ್ ಮಾಡಬೇಕು. ಇಲ್ಲಿನ ಕಚೇರಿಗಳ ನಿಧಾನ ಒಂದು ಕಡೆ, ಇಂಥ ವ್ಯವಹಾರದಲ್ಲಿ ತಾನು ದಡ್ಡ ಎನ್ನುವುದು ಇನ್ನೊಂದು ಕಡೆ. ಇಡೀ ಒಂದು ದಿನ ಹೋಗುತ್ತದೆ ಎಂದು ಅಕರ್‌ಲಾಫ್ ಲೆಕ್ಕ ಹಾಕಿದರು. ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿ ಬೆಳಗ್ಗೆ ಎದ್ದವರೇ ‘ನಾಳೆ ಕಳಿಸೋಣ’ ಎಂದು ನಿಶ್ಚಯಿಸಿದರು. ಕೊನೆಗೆ ಊರಿಗೆ ಮರಳುತ್ತಿದ್ದ ಇನ್ನೊಬ್ಬ ಗೆಳೆಯರ ದೊಡ್ಡ ಸಾಮಾನಿನ ಜೊತೆ ಆ ಪೆಟ್ಟಿಗೆಯನ್ನೂ ಸೇರಿಸಿಬಿಟ್ಟರು.

ನಾವು ನೀವಾಗಿದ್ದರೆ ಇದನ್ನು ಯಾರಿಗೂ ಹೇಳದೆ ಮರೆಯುತ್ತಿದ್ದೆವು. ಅವರು ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಮುಂದೆ ನಿಂತು ಅದನ್ನೇ ಉಪನ್ಯಾಸ ಮಾಡಿದರು, 1991ರಲ್ಲಿ ಅದು ಅಚ್ಚಾಯಿತು. ಅವರ ವಿವರಣೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಇವತ್ತಿನ ರಗಳೆ ಕಣ್ಣೆದುರು ನಿಂತಿರುತ್ತದೆ, ಆದ್ದರಿಂದ ಬೆಟ್ಟದಷ್ಟು. ನಾಳೆಯದು ಅದೇ ರಗಳೆಯಾದರೂ ದೂರದ್ದು, ನುಣ್ಣಗೆ ಕಾಣುತ್ತದೆ. ಒಂದು ದಿನ ತಡವಾದರೆ ಆಗುವ ನಷ್ಟವೋ ಚಿಟಿಕೆಯಷ್ಟು. ಹೀಗಾಗಿ ಒಂದೊಂದು ದಿನದ ತೀರ್ಮಾನವನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಹುಚ್ಚುತನವಲ್ಲ. ಎಂಟು ತಿಂಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ನಗು ಬರುತ್ತದೆ. ಇಷ್ಟಕ್ಕೂ ಆತ ಮೈಗಳ್ಳರಲ್ಲ. ಹಳೇ ಕಾರಿನ ಮಾರುಕಟ್ಟೆಯನ್ನು ಇಟ್ಟುಕೊಂಡು ಬರೆದ ಪ್ರಬಂಧದ ಮೊದಲ ತಿರಸ್ಕಾರ ಪತ್ರ ಅವರ ಕೈಸೇರಿದ್ದು ಅದೇ ಭಾರತವಾಸದಲ್ಲಿ. ಎದೆಗುಂದದೆ ಮತ್ತೆ ಮತ್ತೆ ಕಳಿಸಿ, 1970ರಲ್ಲಿ ಅಚ್ಚಾಗುವ ತನಕ ಬಿಡಲಿಲ್ಲ. 2001ರ ನೊಬೆಲ್ ಬಂದದ್ದು ಆ ಪ್ರಬಂಧಕ್ಕೇ, ಅದನ್ನು ಹಂಚಿಕೊಂಡವರಲ್ಲಿ ಬಟ್ಟೆ ಪೆಟ್ಟಿಗೆಯ ಸ್ಟಿಗ್ಲಿಟ್ಸ್ ಒಬ್ಬರು. ಪ್ರಬಂಧವನ್ನು ಅಂಚೆಗೆ ಹಾಕಲು ಬೇಸರವಿಲ್ಲದ ಮನುಷ್ಯನಿಗೆ ಪೆಟ್ಟಿಗೆಯನ್ನು ಹಾಕಲು ಆಗಲಿಲ್ಲ!

ಸೋಮಾರಿತನಕ್ಕೂ ಮುಂದೂಡುವುದಕ್ಕೂ ಇರುವ ಈ ವ್ಯತ್ಯಾಸ ನಮ್ಮ ಹಳಬರಿಗೆ ಗೊತ್ತಿತ್ತು. ಭಗವದ್ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣಗಳನ್ನು ಹೇಳುವ ಶ್ಲೋಕವೊಂದಿದೆ, ಇಪ್ಪತ್ತೆಂಟನೆಯದು. ಅದರಲ್ಲಿ ‘ಅಲಸ’ ಒಂದು ಪದ, ‘ದೀರ್ಘಸೂತ್ರಿ’ ಇನ್ನೊಂದು. ಎರಡೂ ಒಂದೇ ಆಗಿದ್ದರೆ ಬೇರೆ ಬೇರೆ ಹೇಳುತ್ತಿರಲಿಲ್ಲ. ದೀರ್ಘಸೂತ್ರಿ ಎಂದರೆ ನೂಲನ್ನು ಎಳೆಯುತ್ತಲೇ ಇರುವವನು. ಮಹಾಭಾರತದ ಶಾಂತಿಪರ್ವದ ಮೂರು ಮೀನುಗಳ ಕತೆಯಲ್ಲಿ, ಬೆಸ್ತರು ಕೊಳದ ನೀರು ಖಾಲಿ ಮಾಡುತ್ತಿರುವಾಗಲೂ ‘ಏನವಸರ’ ಎಂದು ಉಳಿದು ಸಿಕ್ಕಿಬೀಳುವ ಮೀನಿನ ಹೆಸರೂ ಅದೇ. ಆದರೆ ನನ್ನ ಗಮನ ಸೆಳೆದದ್ದು ಬೇರೆ. ಗೀತೆಯ ಆ ಪಟ್ಟಿಯಲ್ಲಿ ಅಲಸನಿಗೂ ದೀರ್ಘಸೂತ್ರಿಗೂ ನಡುವೆ ಒಂದು ಪದ ಕೂತಿದೆ: ‘ವಿಷಾದಿ’. ಒಳಗೇ ಕುಗ್ಗಿದವನು. ದೀರ್ಘಸೂತ್ರಿಯ ಪಕ್ಕದ ಮನೆಯವನು ಸೋಮಾರಿಯಲ್ಲ, ವಿಷಾದಿ.

ಇದನ್ನು ವ್ಯಾಖ್ಯಾನಕಾರರು ಹೇಗೆ ಬಿಡಿಸುತ್ತಾರೋ ಪಂಡಿತರಿಗೆ ಬಿಟ್ಟದ್ದು. ಛಂದಸ್ಸಿಗಾಗಿ ಹಾಗೆ ಕೂತಿದ್ದರೂ ಕೂತಿರಬಹುದು. ಆದರೆ ಈಗಿನ ಮನಶ್ಶಾಸ್ತ್ರ ಬಂದು ನಿಂತಿರುವುದು ಸುಮಾರಾಗಿ ಅದೇ ಜಗುಲಿಯ ಮೇಲೆ. ಕೆನಡಾದ ಟಿಮೊಥಿ ಪಿಚಿಲ್ ಮತ್ತು ಫ್ಯೂಷಿಯಾ ಸಿರೊಯಿಸ್ 2013ರ ಪ್ರಬಂಧದಲ್ಲಿ ವಾದಿಸಿದ್ದು ಇದನ್ನೇ: ಮುಂದೂಡುವುದರ ಬೇರು ಸಮಯದ ಲೆಕ್ಕಾಚಾರದಲ್ಲಿಲ್ಲ, ಮನಸ್ಸಿನ ಕಿರಿಕಿರಿಯಲ್ಲಿದೆ. ಕೆಲಸ ನೆನೆದ ಕೂಡಲೇ ಒಳಗೆ ಏನೋ ಒಂದು ಏಳುತ್ತದೆ. ಭಯವೋ, ಬೇಸರವೋ, ಅವಮಾನವಾದೀತೆಂಬ ಅಳುಕೋ, ದುಃಖವೋ. ಕೆಲಸವನ್ನು ಬದಿಗೆ ಸರಿಸಿದ ಕ್ಷಣ ಅದು ಇಳಿಯುತ್ತದೆ. ಆ ಇಳಿಯುವ ಸುಖಕ್ಕೇ ನಾವು ಒಗ್ಗಿಹೋಗುತ್ತೇವೆ. ಹೀಗಿರುವಾಗ ಹೊಸ ವರ್ಷಕ್ಕೊಂದು ದಪ್ಪ ಡೈರಿ, ಫೋನಿನಲ್ಲೊಂದು ಆ್ಯಪ್ ತಂದರೆ ಏನಾದೀತು? ಡೈರಿ ಕೊಳ್ಳಲು ಹೋಗಿಬರುವುದೇ ಒಂದು ಮುಂದೂಡಿಕೆ. ನನ್ನ ಬಳಿ ಜನವರಿ ಹನ್ನೊಂದರವರೆಗೆ ತುಂಬಿದ ಮೂರು ಡೈರಿಗಳಿವೆ.

ನನ್ನೊಳಗೆ ಏಳುತ್ತಿದ್ದದ್ದು ಯಾವುದು? ಕಚೇರಿಯ ಸಾಲು, ‘ಅದು ತನ್ನಿ, ಇದು ತನ್ನಿ’ ಎಂಬ ಅಲೆದಾಟ, ಕೈ ಬಿಸಿ ಮಾಡಬೇಕಾದೀತೆಂಬ ಕಸಿವಿಸಿ. ಇಷ್ಟೇ ಎಂದು ನಂಬಿದ್ದೆ.

ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದವರಿಗೆ ನೆನಪಿರಬೇಕು, ಬಾಗಿಲುಗಳ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದಿರುತ್ತಿದ್ದ ‘ನಾಳೆ ಬಾ’. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಕೂಗುತ್ತಾ ದೆವ್ವವೊಂದು ಬರುತ್ತದೆ, ಓಗೊಟ್ಟರೆ ಮುಗಿಯಿತು. ಬಾಗಿಲ ಮೇಲೆ ಹೀಗೆ ಬರೆದರೆ ಓದಿಕೊಂಡು ಹೋಗಿ ಮರುದಿನ ಬರುತ್ತದೆ, ಮತ್ತೆ ಓದಿಕೊಂಡು ಹೋಗುತ್ತದೆ. ಎಂಥ ಪೆದ್ದು ದೆವ್ವ ಎಂದು ನಾವು ಮಕ್ಕಳು ನಗುತ್ತಿದ್ದೆವು. ಈಗ ಅನ್ನಿಸುತ್ತದೆ, ಪೆದ್ದು ಅದಲ್ಲ. ನಾವೇ ದಿನವೂ ಬಾ ಎಂದು ಬರೆದು ಕರೆದಿದ್ದೇವಲ್ಲ! ಒಂದೇ ಒಂದು ರಾತ್ರಿ ಬಾಗಿಲು ತೆಗೆದು ನೋಡಿದ್ದರೆ ಏನಿರುತ್ತಿತ್ತೋ. ನೀಲಿ ಫೈಲೂ ಹಾಗೇ ಬರುತ್ತಿತ್ತು, ಬೆಳಗಿನ ಜಾವ ಮೂರಕ್ಕೆ, ಮನೆಯವರದೇ ದನಿಯಲ್ಲಿ.

ಗಡುವು ಇದ್ದ ಕೆಲಸಗಳಿಗೆ ಈ ಗತಿ ಬರುವುದಿಲ್ಲ, ಕೊನೆಯ ಗಳಿಗೆಯಲ್ಲಾದರೂ ಆಗುತ್ತವೆ. 2024ರಲ್ಲಿ ಜುಲೈ 31ರ ಗಡುವಿನೊಳಗೆ ದೇಶದಲ್ಲಿ 7.28 ಕೋಟಿ ಆದಾಯ ತೆರಿಗೆ ರಿಟರ್ನ್ ಸಲ್ಲಿಕೆಯಾದವು, ಅದರಲ್ಲಿ 69.92 ಲಕ್ಷ ಬಂದದ್ದು 31ನೇ ತಾರೀಕು ಒಂದೇ ದಿನ. ಅವತ್ತು ಸಂಜೆ ಏಳರಿಂದ ಎಂಟರ ನಡುವೆ 5.07 ಲಕ್ಷ. ತಿಂಗಳುಗಟ್ಟಲೆ ಬಾಗಿಲು ತೆರೆದೇ ಇತ್ತು, ಹೆಚ್ಚುಕಡಿಮೆ ಹತ್ತರಲ್ಲೊಬ್ಬರು ಕದ ಮುಚ್ಚುವ ಹೊತ್ತಿಗೆ ನುಗ್ಗಿದರು. ನುಗ್ಗಲಿ, ತಪ್ಪೇನು? ಕೆಲಸವಂತೂ ಆಯಿತಲ್ಲ. ದಂಡ ಹಾಕುವವರಿಲ್ಲದ, ಗಡುವೇ ಇಲ್ಲದ ಕೆಲಸಗಳ ಪಾಡು ಬೇರೆ. ಖಾತೆ, ಉಯಿಲು, ಹಲ್ಲಿನ ನೋವು, ಹಳೆಯ ಗೆಳೆಯನಿಗೆ ಮಾಡಬೇಕಾದ ಒಂದು ಫೋನು. ಇವಕ್ಕೆ ಜುಲೈ 31 ಎಂಬುದು ಬರುವುದೇ ಇಲ್ಲ.

ತಡ ಮಾಡುವುದೆಲ್ಲ ತಪ್ಪು ಎಂದು ಒಕ್ಕಲುತನ ಕಂಡವರು ಹೇಳಲಾರರು. ಮಳೆ ಬಿದ್ದ ಮರುದಿನವೇ ನೇಗಿಲು ಹೂಡಿದರೆ ಕೆಸರು. ನಾಲ್ಕು ದಿನ ಬಿಟ್ಟರೆ ಗಟ್ಟಿ. ನಡುವೆ ಒಂದು ಹದ ಬರುತ್ತದೆ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಅಪ್ಪ ಹೇಳುತ್ತಿದ್ದರು. ಆ ಹದಕ್ಕೆ ಕಾಯುವುದು ಮುಂದೂಡುವುದಲ್ಲ. ನಮ್ಮ ಕಡೆಯ ಕೊಬ್ಬರಿಯನ್ನೇ ನೋಡಿ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತಾರು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಇಳಿಸಿ ಒಡೆದರೆ ತಿಪಟೂರಿನ ಉಂಡೆ ಕೊಬ್ಬರಿ. ಅಷ್ಟು ದಿನ ಏನೂ ಮಾಡದೆ ಬಿಟ್ಟದ್ದರಿಂದಲೇ ಅದಕ್ಕೆ ಬೆಲೆ. ಕೆಲವು ಕೆಲಸಗಳು ಹಾಗೇ ಅಟ್ಟದ ಮೇಲೆ ಕೊಬ್ಬರಿಯಾಗುತ್ತವೆ: ಬರೆಯಬೇಕಾದ ಕತೆ, ಕೊಡಬೇಕಾದ ಸಿಟ್ಟಿನ ಉತ್ತರ. ನನ್ನ ಫೈಲೂ ಅಟ್ಟದಲ್ಲಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಕಾಯುವವನು ಆಗಾಗ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುತ್ತಾನೆ. ನಾನು ಬೀರುವಿನ ಆ ಅರೆಗೆ ಕೈಹಾಕುವುದನ್ನೇ ಬಿಟ್ಟಿದ್ದೆ.

ಈ ಏಳು ವರ್ಷವೂ ಅಪ್ಪನಿಗೆ ಸಲ್ಲಬೇಕಾದ ಇನ್ನೊಂದು ಕೆಲಸ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ. ಅವರ ತಿಥಿ. ಪೌತಿ ಖಾತೆಗೆ ಹೋಲಿಸಿದರೆ ಅದು ಎಷ್ಟು ಪಟ್ಟು ದೊಡ್ಡ ಕೆಲಸ! ರಜೆ ಹಾಕಬೇಕು, ಪುರೋಹಿತರಿಗೆ ಹೇಳಬೇಕು, ಬಾಳೆಲೆಯಿಂದ ಎಳ್ಳಿನವರೆಗೆ ಹೊಂದಿಸಬೇಕು, ತಮ್ಮ ಪುಣೆಯಿಂದ, ಅಕ್ಕ ಶಿವಮೊಗ್ಗದಿಂದ ಬರಬೇಕು. ಆದರೂ ಒಂದು ವರ್ಷವೂ ಯಾರೂ ‘ಮುಂದಿನ ವಾರ ಮಾಡೋಣ’ ಎನ್ನಲಿಲ್ಲ. ಯಾವ ದಿನ ಎಂದು ಪಂಚಾಂಗ ಹೇಳುತ್ತದೆ. ಎಲ್ಲಿ ಎಂದರೆ ಊರಿನ ಮನೆಯ ನಡುಮನೆ. ಎಷ್ಟು ಹೊತ್ತಿಗೆ, ಮೊದಲು ಏನು, ಆಮೇಲೆ ಏನು, ಎಲ್ಲಕ್ಕೂ ಉತ್ತರ ಮೊದಲೇ ಇದೆ. ಬೆಳಗ್ಗೆ ಎದ್ದು ಮಾಡಲೋ ಬೇಡವೋ ಎಂದು ಮನಸ್ಸನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಹೋದ ವರ್ಷ ತಿಥಿಗೆ ಇಪ್ಪತ್ತು ದಿನವಿರುವಾಗ ಅಕ್ಕ ಫೋನ್ ಮಾಡಿದ್ದಳು. ಎಲೆ ಎಷ್ಟು, ಅಡುಗೆಯವರು ಯಾರು ಎಲ್ಲ ಆದ ಮೇಲೆ ನಾನಾಗಿಯೇ ಬಾಯಿಬಿಟ್ಟೆ. “ಅಕ್ಕ, ಖಾತೆ ಕೆಲಸ ಹಾಗೇ ಇದೆ ಕಣೇ. ಏಳು ವರ್ಷ ಆಯ್ತು. ನಾಚಿಕೆ ಆಗುತ್ತೆ.”

ಬೈಯುತ್ತಾಳೆ ಎಂದುಕೊಂಡೆ. “ನಾಳೆ ಎಂದವನ ಮನೆ ಹಾಳು” ಎಂಬ ಗಾದೆ ನಮ್ಮಜ್ಜಿಯಿಂದ ನೇರ ಅವಳಿಗೆ ಬಂದ ಆಸ್ತಿ. ಅದಕ್ಕೆ ಖಾತೆ ಬದಲಾವಣೆಯೂ ಬೇಕಾಗಿರಲಿಲ್ಲ. ಅವಳು ಬೈಯಲಿಲ್ಲ. “ಆಗಿದ್ದು ಆಯ್ತು ಬಿಡೋ. ನಾನೇನು ಮಾಡಿಸಿದ್ನಾ? ನಂಗೂ ಆಗ್ಲಿಲ್ಲ,” ಎಂದಳು. ಪಿಚಿಲ್ ಅವರು ಮೈಕೆಲ್ ವೋಲ್ ಮತ್ತಿತರರ ಜೊತೆ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೀಗಿದೆ: ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಮೇಷ್ಟ್ರ ಬೆತ್ತದ ಮೇಲೆ ನಂಬಿಕೆಯಿಟ್ಟು ಬೆಳೆದ ನಮಗೆ ಇದು ತಿರುಗುಮುರುಗು ಎನ್ನಿಸಬಹುದು. ಆದರೆ ಕೆಲಸ ನೆನೆದಾಗ ಏಳುವ ಕಿರಿಕಿರಿಯೇ ಮೂಲವಾದರೆ, ಅದರ ಮೇಲೆ ಏಳು ವರ್ಷದ ನಾಚಿಕೆಯನ್ನೂ ಪೇರಿಸಿದರೆ ಹತ್ತಿರ ಸುಳಿಯುವವರು ಯಾರು? ಅಕ್ಕನ “ಆಗಿದ್ದು ಆಯ್ತು ಬಿಡೋ” ಆ ಮೇಲಿನ ಹೊರೆಯನ್ನು ಇಳಿಸಿತು. ಕೆಳಗೆ ಉಳಿದದ್ದು ಒಂದು ಫೈಲು.

“ಮಾಡಿಸಿಬಿಡೋಣ ಅಕ್ಕ,” ಎಂದೆ.

“ಯಾವತ್ತು?” ಎಂದಳು.

ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ತಡವರಿಸುತ್ತಿರುವಾಗ ಅವಳೇ ಹೇಳಿದಳು: “ತಿಥಿ ಮಾರನೇ ದಿನ ಗುರುವಾರ. ಎಲ್ಲ ಊರಲ್ಲೇ ಇರ್ತೀವಿ. ತಿಂಡಿ ತಿಂದು ಕೈ ತೊಳೆದವ್ರು ಹಾಗೇ ಚಪ್ಪಲಿ ಹಾಕ್ಕೊಂಡು ಹೊರಡೋದು. ಒಳಗೆ ಬಂದು ಕೂತ್ಕೊಳ್ಳೋದಿಲ್ಲ.”

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ ಜೀವಮಾನವಿಡೀ ಅಧ್ಯಯನ ಮಾಡಿದ್ದು ಅಕ್ಕನ ಈ ಮಾತುಗಳನ್ನೇ ಎನ್ನಬೇಕು. 1997ರಲ್ಲಿ ಅವರೂ ವೆರೋನಿಕಾ ಬ್ರಾಂಡ್‌ಸ್ಟೆಟರ್ ಅವರೂ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದೆವೆಂದು ಎರಡು ದಿನದೊಳಗೆ ಬರೆದು ಕಳಿಸಬೇಕಿತ್ತು. ಹಬ್ಬದ ಗಡಿಬಿಡಿಯಲ್ಲಿ ಯಾರಿಗೆ ಬೇಕು ವರದಿ? ಅರ್ಧ ಜನರಿಗೆ ಮಾತ್ರ, ಯಾವ ಹೊತ್ತಿನಲ್ಲಿ ಯಾವ ಜಾಗದಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ನಿರ್ಧರಿಸಲು ಹೇಳಿದ್ದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಬರೆದು ಕಳಿಸಿದರು, ಉಳಿದವರಲ್ಲಿ ಮೂರರಲ್ಲೊಬ್ಬರು. ‘ಮಾಡುತ್ತೇನೆ’ ಎಂಬ ಸಂಕಲ್ಪ ಎರಡೂ ಗುಂಪಿನಲ್ಲಿ ಇತ್ತು. ಸಂಕಲ್ಪ ಎಂದಾಗ ನೆನಪಾಯಿತು: ನಮ್ಮ ಪೂಜೆಗಳಲ್ಲಿ ಸಂಕಲ್ಪ ಮಾಡುವಾಗ ಜಂಬೂದ್ವೀಪದಿಂದ ಹಿಡಿದು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರದವರೆಗೆ ಜಾಗ ಮತ್ತು ಹೊತ್ತನ್ನು ಹೇಳಿಸಿಯೇ ಪುರೋಹಿತರು ಮುಂದಕ್ಕೆ ಹೋಗುವುದು. ಎಷ್ಟು ಸಲ ಕೈಯಲ್ಲಿ ಅಕ್ಷತೆ ಹಿಡಿದು ಅದನ್ನು ಗಿಣಿಪಾಠದಂತೆ ಒಪ್ಪಿಸಿದ್ದೇನೋ!

ಗುರುವಾರ ಇಡ್ಲಿ ತಿಂದು, ಅಕ್ಕನ ಕಣ್ಗಾವಲಿನಲ್ಲಿ, ಹೊರಟೆವು. ನಾಡಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವನು ಆಗಷ್ಟೇ ಬಾಗಿಲು ತೆರೆದಿದ್ದ. ನಾಲ್ಕು ಹಾಳೆ ಜೆರಾಕ್ಸ್ ಮಾಡಿಸಿ ದುಡ್ಡು ಕೊಟ್ಟರೆ ನೋಟನ್ನು ಕಣ್ಣಿಗೊತ್ತಿಕೊಂಡು ಮೆಷಿನ್ನಿಗೆ ಸೋಕಿಸಿದ. “ಬೋಣಿ ಸಾರ್,” ಎಂದ. ಮೊದಲ ಗಿರಾಕಿ ಹನ್ನೆರಡೇ ರೂಪಾಯಿ ಕೊಟ್ಟರೂ ವ್ಯಾಪಾರಿಗೆ ಅದು ದಿನದ ದೊಡ್ಡ ವ್ಯಾಪಾರ. ಬೋಣಿ ಆಗಲಿ ಎಂದು ಅಸಲಿಗೇ ಕೊಟ್ಟುಬಿಡುವವರೂ ಇದ್ದಾರೆ. ಶುರುವಾಗುವುದಕ್ಕೇ ಒಂದು ಬೆಲೆಯಿದೆ ಎಂದು ಸಂತೆಯವರಿಗೆ ಗೊತ್ತು. ಹಿಂದೆ ಕಾಗದ ಬರೆಯುತ್ತಿದ್ದವರಿಗೂ ಗೊತ್ತಿತ್ತು. ಅಪ್ಪ ಇನ್‌ಲ್ಯಾಂಡ್ ಲೆಟರ್ ಬಿಡಿಸಿದರೆ ಮೇಲೆ ನಡುವೆ ‘ಶ್ರೀ’, ಎಡಕ್ಕೆ ‘ಕ್ಷೇಮ’, ಬಲಕ್ಕೆ ತಾರೀಕು, ಆಮೇಲೆ ‘ಉಭಯ ಕುಶಲೋಪರಿ’. ಇಷ್ಟು ಬರೆಯಲು ಯೋಚನೆ ಬೇಕಾಗಿಲ್ಲ, ಕೈ ತಾನಾಗಿ ಓಡುತ್ತದೆ. ಓಡಿದ ಕೈ ನಿಲ್ಲುವಷ್ಟರಲ್ಲಿ ಹಾಳೆ ಖಾಲಿಯಾಗಿ ಉಳಿದಿರುವುದಿಲ್ಲ. ಹೇಳಲು ಕಷ್ಟವಾದ ಸುದ್ದಿಯೂ ಅದೇ ಓಟದಲ್ಲಿ ಹೊರಗೆ ಬಂದುಬಿಡುತ್ತದೆ. ಹೊಸ ಕಾಲದಲ್ಲಿ ನಾವು ಆ ಒಕ್ಕಣೆಗಳನ್ನೆಲ್ಲ ಸವಕಲೆಂದು ಬಿಸಾಕಿ, ನೇರ ವಿಷಯಕ್ಕೆ ಬರುತ್ತೇವೆಂದು ಹೊರಟು, ಖಾಲಿ ಹಾಳೆಯ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದೇವೆ.

ಅಂಗಡಿಯ ಬೆಂಚಿನ ಮೇಲೆ ಕೂತು ಅರ್ಜಿ ತುಂಬತೊಡಗಿದೆ. ಅರ್ಜಿದಾರರ ಹೆಸರು, ವಿಳಾಸ, ಗ್ರಾಮ, ಹೋಬಳಿ, ಸರ್ವೆ ನಂಬರು. ನನ್ನ ‘ಉಭಯ ಕುಶಲೋಪರಿ’ಗಳು. ಪೆನ್ನು ಸಲೀಸಾಗಿ ಓಡಿತು. ಮುಂದಿನ ಸಾಲು: ಮೃತ ಖಾತೆದಾರರ ಹೆಸರು.

ಕೈ ನಿಂತಿತು. ಪಕ್ಕದಲ್ಲಿ ಹಳೇ ಪಹಣಿ ಬಿಡಿಸಿಟ್ಟಿದ್ದೆ. ಒಂಬತ್ತನೇ ಕಲಮಿನಲ್ಲಿ ಖಾತೆದಾರರಾಗಿ ಅಪ್ಪ. ಹನ್ನೆರಡನೇ ಕಲಮಿನಲ್ಲಿ ಸಾಗುವಳಿದಾರರಾಗಿಯೂ ಅಪ್ಪ, ಬೆಳೆ ತೆಂಗು. ರೇಷನ್ ಕಾರ್ಡಿನಿಂದ, ಬ್ಯಾಂಕಿನಿಂದ, ಮತದಾರರ ಪಟ್ಟಿಯಿಂದ ಒಂದೊಂದಾಗಿ ಹೊರಟುಹೋಗಿದ್ದವರು ಸರ್ಕಾರದ ಈ ಒಂದು ಕಾಗದದಲ್ಲಿ ಮಾತ್ರ ಏಳು ವರ್ಷವೂ ತಪ್ಪದೆ ತೆಂಗು ಬೆಳೆದಿದ್ದರು. ಅಮ್ಮ ಕೇಳುವುದನ್ನು ಯಾಕೆ ಬಿಟ್ಟರು ಎಂಬುದೂ ಆಗ ಹೊಳೆಯಿತು.

ಅಕ್ಕ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಮ್ಮ, “ಕೊಡೋ ಅಣ್ಣ, ನಾನು ಬರೀತೀನಿ,” ಎಂದ. ಬೇಡ ಎಂದು ನಾನೇ ಬರೆದೆ.

ಕೌಂಟರಿನಲ್ಲಿ ನಲವತ್ತು ನಿಮಿಷ ಹಿಡಿಯಿತು. ಇಡೀ ದಿನ ಎಂದು ನಾನೂ ಅಕರ್‌ಲಾಫ್‌ರಂತೆ ಲೆಕ್ಕ ಹಾಕಿದ್ದೆ! ಕಂಪ್ಯೂಟರಿನ ಮುಂದಿದ್ದ ಹುಡುಗಿ ಒಂದು ಜೆರಾಕ್ಸ್ ಸರಿಯಿಲ್ಲವೆಂದು ವಾಪಸ್ ಕಳಿಸಿದಳು, ತಂದುಕೊಟ್ಟೆ, ರಸೀದಿ ಕೊಟ್ಟಳು. ಅಲ್ಲಿಗೆ ಕೆಲಸ ಮುಗಿಯಲಿಲ್ಲ, ಇನ್ನೂ ನಾಲ್ಕಾರು ಓಡಾಟ ಬಾಕಿಯಿತ್ತು. ಆದರೆ ವಿಚಿತ್ರ ನೋಡಿ, ಆಮೇಲೆ ನನ್ನನ್ನು ಯಾರೂ ತಳ್ಳಬೇಕಾಗಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ವಾರಕ್ಕೆರಡು ಸಲ ನಾನೇ ಫೋನ್ ಮಾಡಿ ವಿಚಾರಿಸುತ್ತಿದ್ದೆ. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ನರ ಶಿಷ್ಯೆ ಮರಿಯಾ ಒವ್ಸಿಯಾಂಕಿನಾ 1928ರಲ್ಲೇ ಇದನ್ನು ಪ್ರಯೋಗದಲ್ಲಿ ಕಂಡಿದ್ದರು: ಅರ್ಧಕ್ಕೆ ತಡೆದ ಕೆಲಸವನ್ನು ಜನ ಯಾರೂ ಹೇಳದಿದ್ದರೂ, ಯಾವ ಲಾಭವಿಲ್ಲದಿದ್ದರೂ, ಅವಕಾಶ ಸಿಕ್ಕ ಕೂಡಲೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಅದೇ ಗುಂಪಿನ ಬ್ಲೂಮಾ ಝೈಗಾರ್ನಿಕ್ ಹೆಸರು ಹೆಚ್ಚು ಪ್ರಸಿದ್ಧ. ಅರೆಬರೆ ಕೆಲಸ ಹೆಚ್ಚು ನೆನಪಿರುತ್ತದೆ ಎಂದವರು ಅವರು. ಈಚಿನ ಪರಿಶೀಲನೆಗಳಲ್ಲಿ ಅವರ ಮಾತು ಅಷ್ಟು ಗಟ್ಟಿಯಾಗಿ ನಿಂತಿಲ್ಲ, ಒವ್ಸಿಯಾಂಕಿನಾ ಮಾತು ನಿಂತಿದೆ. ಶುರುವಾಗದ ಕೆಲಸ ದೆವ್ವದ ಹಾಗೆ ಕಾಡುತ್ತದೆ, ಶುರುವಾಗಿ ನಿಂತದ್ದು ಕರು ಬಿಟ್ಟ ಹಸುವಿನ ಹಾಗೆ ಎಳೆಯುತ್ತದೆ. ಎರಡೂ ಎಳೆತವೇ, ದಿಕ್ಕು ಬೇರೆ.

ಎರಡು ತಿಂಗಳು ಕಳೆದು ಹೊಸ ಪಹಣಿ ತೆಗೆಸಿಕೊಂಡು ಊರಿಗೆ ಹೋದೆ. ಅಮ್ಮ ಕೈ ಒರೆಸಿಕೊಂಡು ಬಂದು ಜಗುಲಿಯ ಬೆಳಕಿಗೆ ಹಿಡಿದರು. ಕನ್ನಡಕ ಹಾಕಿಕೊಂಡು ಒಂಬತ್ತನೇ ಕಲಮಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಮೊದಲು ಅವರ ಹೆಸರು, ‘ಕೋಂ’ ಎಂದು ಅಪ್ಪನ ಹೆಸರು. ಕೆಳಗೆ ನನ್ನ ಹೆಸರು, ‘ಬಿನ್’ ಎಂದು ಅಪ್ಪನ ಹೆಸರು. ಅದರ ಕೆಳಗೆ ತಮ್ಮನದು, ಮತ್ತೆ ‘ಬಿನ್’, ಮತ್ತೆ ಅಪ್ಪ.

“ಒಂದು ಕಡೆ ಇದ್ರು,” ಎಂದರು ಅಮ್ಮ. “ಮೂರು ಕಡೆ ಆದ್ರಲ್ಲೋ.”

ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. “ನಂದು ನೋಡಿದ್ಯಾ? ಕೋಂ ಅಂತ ನಿಮ್ ಭಾವನ ಹೆಸರು ಹಾಕವ್ರೆ. ಎಲ್ಲರ ಹಿಂದೆ ಅಪ್ಪ, ನನ್ ಹಿಂದೆ ಮಾತ್ರ ಇಲ್ಲ. ತಿದ್ದಿಸ್ಬೇಕು ಕಣೋ ಅದನ್ನ.”

“ಹೌದಲ್ವಾ. ತಿದ್ದಿಸೋಣ ಬಿಡಕ್ಕ,” ಎಂದೆ.

“ಯಾವತ್ತು?” ಎಂದಳು.